500 ಸಾಕಾದಲ್ಲಿ 625 ಏಕೆ: ಅಮಾಕ್ಸಿಸಿಲಿನ್ ಬಳಸಿದವಳ ವಿಮರ್ಶೆ

ಕಳೆದ ಆಷಾಢದಲ್ಲಿ ಕೆಳದವಡೆಯ ಒಂದು ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿ, ಎಡಗೆನ್ನೆ ಕಡುಬಿನಂತೆ ಊದಿಕೊಂಡು, ಎರಡು ರಾತ್ರಿಗಳನ್ನು ದಿಂಬಿಗೆ ಒರಗಿ ಕುಳಿತೇ ಕಳೆದ ಮೇಲೆ ನಾನು ರಾಜಾಜಿನಗರದಲ್ಲಿ ನಮ್ಮ ಮನೆಗೆ ಹತ್ತಿರವಿರುವ ದಂತವೈದ್ಯರ ಬಳಿಗೆ ಹೋದೆ. ಅವರು ಹಲ್ಲನ್ನು ಕೊರೆದು ಕೀವು ಹೊರಹೋಗುವುದಕ್ಕೆ ದಾರಿ ಮಾಡಿದರು. ಊತ ಗಲ್ಲದ ಕೆಳಭಾಗಕ್ಕೂ ಇಳಿಯುತ್ತಿತ್ತಾದ್ದರಿಂದ, ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ಕ್ಯಾಪ್ಸೂಲನ್ನು ಎಂಟು ಗಂಟೆಗೊಮ್ಮೆ ಐದು ದಿನ ತೆಗೆದುಕೊಳ್ಳುವಂತೆ ಚೀಟಿ ಬರೆದುಕೊಟ್ಟರು. ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದಾಗ ಗಲ್ಲಾದ ಹಿಂದಿದ್ದ ಹುಡುಗ ಅದನ್ನು ಅರೆಕ್ಷಣ ನೋಡಿ, "ಅಮ್ಮಾ, ಇದು ಹಳೇದು, ಈಗ ಇದನ್ನ ಯಾರೂ ಕೇಳಲ್ಲ. 625 ಕೊಡ್ತೀನಿ, ಎರಡೇ ದಿನಕ್ಕೆ ಕಮ್ಮಿ ಆಗುತ್ತೆ" ಎಂದ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ನನಗೆ ನೋವಿನ ನಡುವೆಯೂ ಆ ಮಾತು ಚುಚ್ಚಿತು. ನಾನು ಬಳಸಿದ ಔಷಧಿಯ ಜೊತೆಗೆ, ನನ್ನ ಕೈಗೆ ಬರಲಿದ್ದ ಇನ್ನೊಂದು ಔಷಧಿಯನ್ನೂ ತೂಗಿ ನೋಡಿ ಬರೆದ ವಿಮರ್ಶೆ ಇದು.

ಬೆಂಗಳೂರಿನಲ್ಲಿ "625" ಎಂಬುದು ಈಗ ಹೆಚ್ಚುಕಡಿಮೆ ಮನೆಮಾತು. ನೆಗಡಿಯಾದರೆ, ಗಂಟಲು ಕೆರೆದರೆ, ಮಳೆಯಲ್ಲಿ ನೆನೆದು ಮೈ ಬಿಸಿಯಾದರೆ ಜನ ಆ ಸಂಖ್ಯೆಯನ್ನೇ ಹೇಳಿ ಮಾತ್ರೆ ಕೇಳುವುದನ್ನು ಸರದಿಯಲ್ಲಿ ನಿಂತು ಎಷ್ಟೋ ಬಾರಿ ಕೇಳಿದ್ದೇನೆ. ಆ ಸಂಖ್ಯೆಯ ಒಳಗೆ ಏನಿದೆ ಎಂದು ಬಿಡಿಸಿ ನೋಡಿದರೆ, ಅದರಲ್ಲಿ ನನ್ನ ಚೀಟಿಯಲ್ಲಿದ್ದ ಅದೇ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ಇದೆ. ಉಳಿದ 125 ಮಿಲಿಗ್ರಾಂ ಕ್ಲಾವುಲಾನಿಕ್ ಆಮ್ಲ. ಹಾಗಾಗಿ 625 ಎಂದರೆ 500ಕ್ಕಿಂತ ಕಾಲುಪಾಲು ಹೆಚ್ಚು ಬಲದ ಮಾತ್ರೆ ಎಂದು ತಿಳಿಯುವುದು ಪೂರ್ತಿ ತಪ್ಪು. ಕ್ಲಾವುಲಾನಿಕ್ ಆಮ್ಲಕ್ಕೆ ಸ್ವತಃ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದರ ಕೆಲಸವೇ ಬೇರೆ, ಮತ್ತು ಆ ಕೆಲಸ ಇಲ್ಲದ ಕಡೆ ಅದು ಸುಮ್ಮನೆ ಹೊಟ್ಟೆಗೆ ಹೊರೆ.

ಅಮಾಕ್ಸಿಸಿಲಿನ್ ಪೆನಿಸಿಲಿನ್ ಬಳಗದ್ದೇ ಆದ್ದರಿಂದ, ಇದನ್ನು ಅರ್ಥಮಾಡಿಕೊಳ್ಳಲು ಪೆನಿಸಿಲಿನ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿಗಳು ಓದುತ್ತಿದ್ದರೆ ಇಲ್ಲಿ ಒಂದು ನಗು ನಕ್ಕು ಮುಂದಕ್ಕೆ ಹೋಗಬಹುದು. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದಿದ್ದುದನ್ನು ಕಂಡದ್ದು ಎಲ್ಲರಿಗೂ ಗೊತ್ತಿರುವ ಕತೆ. ಆ ಬೂಷ್ಟಿನ ರಸದಲ್ಲಿದ್ದ ಅಣುವಿನ ಹೃದಯಭಾಗದಲ್ಲಿ ಮೂರು ಕಾರ್ಬನ್ ಮತ್ತು ಒಂದು ನೈಟ್ರೋಜನ್ ಸೇರಿದ ನಾಲ್ಕು ಪರಮಾಣುಗಳ ಪುಟ್ಟ ಉಂಗುರವಿದೆ ಎಂಬುದನ್ನು ಡೊರೊಥಿ ಹಾಡ್ಜ್‌ಕಿನ್ 1945ರಲ್ಲಿ ಎಕ್ಸ್-ಕಿರಣಗಳ ನೆರವಿನಿಂದ ತೋರಿಸಿಕೊಟ್ಟರು. ನಾಲ್ಕೇ ಪರಮಾಣುಗಳನ್ನು ಉಂಗುರವಾಗಿ ಬಾಗಿಸಿರುವುದರಿಂದ ಅದು ಎಳೆದು ಕಟ್ಟಿದ ಬಿಲ್ಲಿನಂತೆ ಸದಾ ಬಿಗುವಿನಲ್ಲಿರುತ್ತದೆ. ಬ್ಯಾಕ್ಟೀರಿಯಾ ತನ್ನ ಸುತ್ತಲಿನ ಗೋಡೆಯನ್ನು ಹೆಣೆಯಲು ಬಳಸುವ ಕಿಣ್ವಗಳು ಈ ಉಂಗುರವನ್ನು ತಮ್ಮ ಕಚ್ಚಾವಸ್ತುವೆಂದೇ ಭ್ರಮಿಸಿ ಹಿಡಿದುಕೊಳ್ಳುತ್ತವೆ. ಉಂಗುರ ಬಿಚ್ಚಿ ಕಿಣ್ವಕ್ಕೆ ಅಂಟಿಕೊಂಡುಬಿಡುತ್ತದೆ. ಗೋಡೆಯ ಕೆಲಸ ಅಲ್ಲಿಗೆ ನಿಂತು, ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲದಿರುವುದರಿಂದ, ಅಲರ್ಜಿ ಇಲ್ಲದವರಿಗೆ ಪೆನಿಸಿಲಿನ್ ಬಳಗದ ಔಷಧಿಗಳು ದೊಡ್ಡ ಪ್ರಮಾಣದಲ್ಲೂ ಬಹುಮಟ್ಟಿಗೆ ನಿರಪಾಯ.

ಮೊದಲ ಪೆನಿಸಿಲಿನ್ನಿಗೆ ಎರಡು ಕೊರತೆಗಳಿದ್ದವು. ಹೊಟ್ಟೆಯ ಆಮ್ಲದಲ್ಲಿ ಅದು ಹಾಳಾಗುತ್ತಿತ್ತಾದ್ದರಿಂದ ಸೂಜಿಮದ್ದಾಗಿಯೇ ಕೊಡಬೇಕಿತ್ತು. ಹೊರಪೊರೆ ಇರುವ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಒಳಗೆ ಅದು ಸರಿಯಾಗಿ ನುಗ್ಗುತ್ತಿರಲಿಲ್ಲ. ಇಂಗ್ಲೆಂಡಿನ ಬೀಚಮ್ ಸಂಶೋಧನಾಲಯದವರು ಪೆನಿಸಿಲಿನ್ನಿನ ತಿರುಳನ್ನು ಬೇರ್ಪಡಿಸಿ, ಅದಕ್ಕೆ ಬೇಕಾದ ಬಾಲ ಜೋಡಿಸುವ ದಾರಿ ಕಂಡುಕೊಂಡ ಮೇಲೆ 1961ರಲ್ಲಿ ಆಂಪಿಸಿಲಿನ್ ಬಂತು. ವಿಶಾಲ ವ್ಯಾಪ್ತಿಯ ಪೆನಿಸಿಲಿನ್ ಎಂಬ ಹೆಸರು ಅಂಟಿಕೊಂಡದ್ದು ಅಲ್ಲಿಂದ. ಆದರೆ ನುಂಗಿದ ಆಂಪಿಸಿಲಿನ್ನಿನಲ್ಲಿ ಅರ್ಧದಷ್ಟು ಕೂಡ ರಕ್ತ ಸೇರುತ್ತಿರಲಿಲ್ಲ, ಬರಿಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕಿತ್ತು, ಕರುಳಿನಲ್ಲೇ ಉಳಿದದ್ದು ಭೇದಿ ಮಾಡಿಸುತ್ತಿತ್ತು. ಆ ಅಣುವಿಗೆ ಒಂದೇ ಒಂದು ಹೈಡ್ರಾಕ್ಸಿಲ್ ಗುಂಪನ್ನು ಸೇರಿಸಿದ್ದು ಅಮಾಕ್ಸಿಸಿಲಿನ್. ಬಳಕೆಗೆ ಬಂದದ್ದು 1972ರಲ್ಲಿ. ಒಂದು ಆಮ್ಲಜನಕದ ಪರಮಾಣು ಮಾಡಿದ ವ್ಯತ್ಯಾಸ ಇದು: ನುಂಗಿದ ಔಷಧಿಯ ಬಹುಪಾಲು ರಕ್ತಕ್ಕೆ ಸೇರುತ್ತದೆ, ಊಟದ ಮುಂಚೆಯೋ ಆಮೇಲೆಯೋ ಎಂಬ ಗೊಡವೆ ಇಲ್ಲ. ನಾನಂತೂ ಮೂರು ಹೊತ್ತೂ ಗಂಜಿಯ ಜೊತೆಗೇ ತೆಗೆದುಕೊಂಡೆ, ಏಕೆಂದರೆ ಆ ದಿನಗಳಲ್ಲಿ ಅಗಿಯಬಲ್ಲದ್ದು ಬೇರೇನೂ ಇರಲಿಲ್ಲ.

ಬಳಕೆಯ ಅನುಭವ ಹೇಳುವುದಾದರೆ, ಅದೇ ಸಂಜೆ ನೋವು ಇಳಿಯಿತು. ಆದರೆ ಅದರ ಶ್ರೇಯಸ್ಸನ್ನು ಕ್ಯಾಪ್ಸೂಲಿಗೆ ಕೊಡುವುದು ಅನ್ಯಾಯ. ಕೀವಿಗೆ ದಾರಿ ಮಾಡಿದ ವೈದ್ಯರ ಕೈಗೆ ಅದು ಸಲ್ಲಬೇಕು. ಕೀವು ತುಂಬಿದ ಜಾಗಕ್ಕೆ ರಕ್ತವೇ ಸರಿಯಾಗಿ ಹರಿಯುವುದಿಲ್ಲವಾದ್ದರಿಂದ ರಕ್ತದಲ್ಲಿ ಬರುವ ಔಷಧಿಯೂ ಅಲ್ಲಿಗೆ ಸಾಕಷ್ಟು ತಲುಪದು. ಹಲ್ಲುನೋವಿಗೆ ಮಾತ್ರೆ ನುಂಗಿ ವೈದ್ಯರನ್ನು ತಪ್ಪಿಸಿಕೊಳ್ಳಲು ನೋಡುವವರಿಗೆ ತಿಂಗಳ ಬಳಿಕ ಅದೇ ಹಲ್ಲು ಮತ್ತೆ ಊದಿಕೊಳ್ಳುವುದು ಇದೇ ಕಾರಣಕ್ಕೆ. ಔಷಧಿ ಮಾಡಿದ ಕೆಲಸ ಅದರ ಸುತ್ತಲಿನದು: ಗಲ್ಲದ ಕೆಳಗಿನ ಗಟ್ಟಿ ಊತ ಎರಡನೆಯ ದಿನದ ಕೊನೆಗೆ ಮೆತ್ತಗಾಯಿತು, ಸಣ್ಣ ಜ್ವರ ಬಿಟ್ಟಿತು, ನಾಲ್ಕನೆಯ ದಿನ ಬಾಯಿ ಪೂರ್ತಿ ತೆರೆಯಲು ಬಂತು. ಹೊಟ್ಟೆಯಲ್ಲಿ ಒಂದು ದಿನ ಸ್ವಲ್ಪ ಗುಡುಗುಡು ಎನಿಸಿತು, ಅಷ್ಟೇ. ರಕ್ತದಲ್ಲಿ ಈ ಔಷಧಿಯ ಪ್ರಮಾಣ ಸುಮಾರು ಒಂದು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, ಹೆಚ್ಚಿನ ಭಾಗ ಮೂತ್ರದಲ್ಲಿ ಹಾಗೆಯೇ ಹೊರಬೀಳುತ್ತದೆ. ಎಂಟು ಗಂಟೆಗೊಮ್ಮೆ ಎಂದು ಬರೆದದ್ದನ್ನು "ತಿಂಡಿ, ಊಟ, ಊಟ" ಎಂದು ಬದಲಿಸಿಕೊಂಡು ರಾತ್ರಿಯಿಡೀ ಬಿಡುವು ಕೊಡುವುದು ಅಷ್ಟು ಒಳ್ಳೆಯದಲ್ಲ. ನಾನು ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು ಎಂದು ಇಟ್ಟುಕೊಂಡೆ.

ಹಾಗಾದರೆ ಅಂಗಡಿಯ ಹುಡುಗ ಕೊಡಲು ಬಂದ 625 ಕೆಟ್ಟದ್ದೇ? ಖಂಡಿತ ಅಲ್ಲ. ಪೆನಿಸಿಲಿನ್ ರೋಗಿಗಳಿಗೆ ವ್ಯಾಪಕವಾಗಿ ದೊರೆಯುವ ಮೊದಲೇ, 1940ರಲ್ಲೇ, ಅಬ್ರಹಾಂ ಮತ್ತು ಚೈನ್ ಅದನ್ನು ಕತ್ತರಿಸಿ ಹಾಕುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿದೆ ಎಂದು ವರದಿ ಮಾಡಿದ್ದರು. ಆ ಬಿಗುವಿನ ಉಂಗುರವನ್ನು ಗುರಿ ಮುಟ್ಟುವ ಮುನ್ನವೇ ಒಡೆಯುವ ಕತ್ತರಿ ಅದು. ಕ್ಲಾವುಲಾನಿಕ್ ಆಮ್ಲದ ಕೆಲಸ ಆ ಕತ್ತರಿಯ ಬಾಯಿಗೆ ತಾನೇ ಸಿಕ್ಕಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುವುದು, ಅಮಾಕ್ಸಿಸಿಲಿನ್ ದಾಟಿಹೋಗಲು ಅವಕಾಶ ಕೊಡುವುದು. ಈ ಜೋಡಿ 1981ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಆಗ್ಮೆಂಟಿನ್ ಎಂಬ ಹೆಸರಿನಲ್ಲಿ ಬಂತು. ಇಲ್ಲಿ ಅದರ ಜೊತೆಗೆ ಕ್ಲಾವಾಮ್, ಮಾಕ್ಸಿಕೈಂಡ್-ಸಿವಿ ಮುಂತಾದ ಹೆಸರುಗಳೂ ಚಿರಪರಿಚಿತ. ನಾಯಿ, ಬೆಕ್ಕು ಅಥವಾ ಮನುಷ್ಯ ಕಚ್ಚಿದ ಗಾಯಕ್ಕೆ ವೈದ್ಯರು ಮೊದಲು ನೆನೆಯುವುದು ಈ ಜೋಡಿಯನ್ನೇ, ಏಕೆಂದರೆ ಬಾಯಿಯ ಹಲವು ಬಗೆಯ ಬ್ಯಾಕ್ಟೀರಿಯಾಗಳು ಅಲ್ಲಿ ಒಟ್ಟಿಗೆ ಇಳಿದಿರುತ್ತವೆ. ನಮ್ಮ ಬೀದಿಗಳಲ್ಲಿ ಈ ಮಾತಿಗೆ ತೂಕ ಹೆಚ್ಚು. ಆದರೆ ನಾಯಿ ಕಚ್ಚಿದವರು ಮಾತ್ರೆ ನುಂಗಿ ಸುಮ್ಮನಾಗಬಾರದು. ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆಯುವುದು, ರೇಬೀಸ್ ಲಸಿಕೆ ಹಾಕಿಸಿಕೊಳ್ಳುವುದು ಮೊದಲು. ರೇಬೀಸ್ ವೈರಸ್ಸಿಗೆ ಯಾವ ಪೆನಿಸಿಲಿನ್ನೂ ಲೆಕ್ಕಕ್ಕಿಲ್ಲ. ಹಲವು ಬಾರಿ ಮರುಕಳಿಸುವ ಕಿವಿಸೋಂಕು, ಸೈನಸ್ ಸೋಂಕು, ಕೆಲವು ಬಗೆಯ ಚರ್ಮದ ಮತ್ತು ಮೂತ್ರದ ಸೋಂಕುಗಳಲ್ಲೂ ಈ ಜೋಡಿಗೆ ಸ್ಥಾನವಿದೆ. ನನ್ನ ಹಲ್ಲಿಗೂ ಮೊದಲ ಔಷಧಿ ಕೈಕೊಟ್ಟಿದ್ದರೆ ವೈದ್ಯರು ಬಹುಶಃ ಅದನ್ನೇ ಬರೆಯುತ್ತಿದ್ದರು.

ನನ್ನ ತಕರಾರು ಆ ಕತ್ತರಿಯೇ ಇಲ್ಲದ ಕಡೆ ಕತ್ತರಿಗೆ ಅಡ್ಡಗಾಲು ಮಾರುವುದರ ಬಗ್ಗೆ. ಗಂಟಲುನೋವನ್ನೇ ನೋಡಿ. ಹೆಚ್ಚಿನ ಗಂಟಲುನೋವು ವೈರಸ್ಸಿನದು, ಅದಕ್ಕೆ ಆಂಟಿಬಯಾಟಿಕ್ಕೇ ಬೇಡ. ಉಳಿದವುಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೋಕಾಕಸ್ ಪಯೋಜಿನೀಸ್ ಎಂಬ ಬ್ಯಾಕ್ಟೀರಿಯಾದ್ದು. ವೈದ್ಯಕೀಯದ ಒಂದು ಅಚ್ಚರಿ ಎಂದರೆ, ಎಂಟು ದಶಕ ಪೆನಿಸಿಲಿನ್ ಸುರಿದರೂ ಈ ಬ್ಯಾಕ್ಟೀರಿಯಾ ಇಂದಿಗೂ ಅದಕ್ಕೆ ಬಗ್ಗುತ್ತದೆ. ಅದು ಆ ಕತ್ತರಿ ಕಿಣ್ವವನ್ನು ತಯಾರಿಸುವುದೇ ಇಲ್ಲ. ಅಲ್ಲಿ 500 ಮಾಡುವ ಕೆಲಸಕ್ಕೆ 125 ಏನನ್ನೂ ಸೇರಿಸದು. ನ್ಯುಮೋನಿಯಾಕ್ಕೆ ಸಾಮಾನ್ಯ ಕಾರಣವಾದ ನ್ಯುಮೊಕಾಕಸ್‌ನ ಕತೆ ಇನ್ನೂ ಕುತೂಹಲಕರ: ಅದು ಪೆನಿಸಿಲಿನ್ನಿಗೆ ಪ್ರತಿರೋಧ ತೋರಿಸುವುದುಂಟು, ಆದರೆ ಕತ್ತರಿಯಿಂದಲ್ಲ, ಗೋಡೆ ಹೆಣೆಯುವ ತನ್ನ ಕಿಣ್ವದ ಆಕಾರವನ್ನೇ ಬದಲಿಸಿಕೊಂಡು. ಅಂಥಲ್ಲಿ ವೈದ್ಯರು ಅಮಾಕ್ಸಿಸಿಲಿನ್ನಿನ ಪ್ರಮಾಣ ಹೆಚ್ಚಿಸಿ ಗೆಲ್ಲುತ್ತಾರೆ. ಕ್ಲಾವುಲಾನಿಕ್ ಆಮ್ಲಕ್ಕೆ ಅಲ್ಲಿ ಹಿಡಿಯಲು ಏನೂ ಇಲ್ಲ.

ಆ 125ಕ್ಕೆ ಬೆಲೆ ಕೊಡುವುದು ಜೇಬು ಮಾತ್ರವಲ್ಲ. ಜೋಡಿ ಮಾತ್ರೆಯಲ್ಲಿ ಭೇದಿ ಬರಿ ಅಮಾಕ್ಸಿಸಿಲಿನ್ನಿಗಿಂತ ಹೆಚ್ಚು, ಅದಕ್ಕೆ ಕಾರಣ ಮುಖ್ಯವಾಗಿ ಕ್ಲಾವುಲಾನಿಕ್ ಆಮ್ಲ. ಊಟದ ಮೊದಲ ತುತ್ತಿನೊಂದಿಗೆ ತೆಗೆದುಕೊಂಡರೆ ಸ್ವಲ್ಪ ಸುಖ. ಅಪರೂಪಕ್ಕೆ, ವಯಸ್ಸಾದವರಲ್ಲಿ ಸ್ವಲ್ಪ ಹೆಚ್ಚಾಗಿ, ಪಿತ್ತದ ಹರಿವು ಕಟ್ಟಿದಂತಾಗಿ ಕಾಮಾಲೆ ಬರುವುದುಂಟು, ಅದೂ ಕೆಲವೊಮ್ಮೆ ಮಾತ್ರೆ ನಿಲ್ಲಿಸಿದ ಎಷ್ಟೋ ದಿನಗಳ ಬಳಿಕ. ಇನ್ನೊಂದು ಲೆಕ್ಕ ತಪ್ಪುವುದನ್ನು ನಮ್ಮ ಬಂಧುಗಳ ಮನೆಯಲ್ಲೇ ನೋಡಿದ್ದೇನೆ: 625 ಸಿಗದಿದ್ದಾಗ 375ರ ಎರಡು ಮಾತ್ರೆ ನುಂಗುವುದು. 375 ಎಂದರೆ 250 ಅಮಾಕ್ಸಿಸಿಲಿನ್ ಮತ್ತು ಅದೇ 125 ಕ್ಲಾವುಲಾನಿಕ್ ಆಮ್ಲ. ಎರಡು ನುಂಗಿದರೆ ಅಮಾಕ್ಸಿಸಿಲಿನ್ 500 ಆಗುತ್ತದೆ ನಿಜ, ಆದರೆ ಹೊಟ್ಟೆ ಕೆಡಿಸುವ ಭಾಗ ಇಮ್ಮಡಿ.

ಅಮಾಕ್ಸಿಸಿಲಿನ್ ಎಲ್ಲಿ ನಿಜಕ್ಕೂ ಸಲ್ಲುತ್ತದೆ ಎಂದು ಕೇಳಿದರೆ, ಮಕ್ಕಳ ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನೀರಿನಲ್ಲಿ ಕರಗುವ ಅಮಾಕ್ಸಿಸಿಲಿನ್ ಮಾತ್ರೆಯನ್ನೇ ಮೊದಲ ಔಷಧಿಯಾಗಿ ಸೂಚಿಸುತ್ತದೆ. ಸ್ಟ್ರೆಪ್ಟೋಕಾಕಸ್ ಗಂಟಲಿಗೆ ಹತ್ತು ದಿನ ಕೊಡುವುದು ಗಂಟಲಿಗಾಗಿ ಅಷ್ಟೇ ಅಲ್ಲ, ಹೃದಯಕ್ಕಾಗಿ. ಚಿಕಿತ್ಸೆ ಇಲ್ಲದ ಆ ಸೋಂಕು ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರವಾಗಿ, ಮುಂದೆ ಹೃದಯದ ಕವಾಟಗಳನ್ನು ಗಂಟುಹಾಕುತ್ತದೆ. ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸಿಕೊಳ್ಳಲು ಬರುವ ಹಳ್ಳಿಯ ತರುಣಿಯರಲ್ಲಿ ಹಲವರ ರೋಗಕ್ಕೆ ಬಾಲ್ಯದ ಅಂಥ ಗಂಟಲುನೋವೇ ಬೀಜ. ಕವಾಟ ಬದಲಿಸಿಕೊಂಡವರು ಹಲ್ಲು ಕೀಳಿಸುವ ಒಂದು ಗಂಟೆ ಮುನ್ನ ಎರಡು ಗ್ರಾಂ ಅಮಾಕ್ಸಿಸಿಲಿನ್ ತೆಗೆದುಕೊಳ್ಳುವ ಪದ್ಧತಿಯೂ ಉಂಟು, ಬಾಯಿಯ ಬ್ಯಾಕ್ಟೀರಿಯಾ ಕವಾಟದ ಮೇಲೆ ಕೂರದಿರಲೆಂದು. ನಮ್ಮ ಯಜಮಾನರಿಗೆ ಎರಡು ವರ್ಷದ ಹಿಂದೆ ಹೊಟ್ಟೆಯ ಹುಣ್ಣಿನ ಜೊತೆ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಂಡಾಗ, ಒಂದು ಗ್ರಾಂನಂತೆ ದಿನಕ್ಕೆರಡು ಬಾರಿ ಇದೇ ಔಷಧಿಯನ್ನು ಕ್ಲಾರಿಥ್ರೊಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಯೊಂದಿಗೆ ಹದಿನಾಲ್ಕು ದಿನ ಕೊಟ್ಟಿದ್ದರು. ಬಾಯೆಲ್ಲ ಕಹಿ ಎಂದು ಅವರು ಹದಿನಾಲ್ಕು ದಿನವೂ ಗೊಣಗಿದರು. ಆ ಕಹಿ ಕ್ಲಾರಿಥ್ರೊಮೈಸಿನ್ನಿನದು ಎಂದು ನಾನು ಅಮಾಕ್ಸಿಸಿಲಿನ್ ಪರವಾಗಿ ವಾದಿಸಿದ್ದೂ ಆಯಿತು.

ಸಲ್ಲದ ಕಡೆಗಳೂ ಅಷ್ಟೇ ಸ್ಪಷ್ಟ. ಜುಲೈ-ಆಗಸ್ಟಿನಲ್ಲಿ ಊರಿನಲ್ಲೆಲ್ಲ ಹರಡುವ ಡೆಂಗಿ, ಫ್ಲೂ, ನೆಗಡಿ ಎಲ್ಲವೂ ವೈರಸ್ಸಿನವು. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಗೋಡೆಯೇ ಇಲ್ಲ, ಹಾಗಾಗಿ ಗೋಡೆ ಒಡೆಯುವ ಔಷಧಿಗೆ ಅಲ್ಲಿ ಕೆಲಸವಿಲ್ಲ. ಮೂತ್ರದ ಸೋಂಕಿಗೆ ಮುಖ್ಯ ಕಾರಣವಾದ ಇ. ಕೋಲಿ ಬಹುಮಟ್ಟಿಗೆ ಕತ್ತರಿ ಕಲಿತುಬಿಟ್ಟಿದೆ. ಕಲ್ಚರ್ ಪರೀಕ್ಷೆಯಲ್ಲಿ ಬಗ್ಗುತ್ತದೆಂದು ತಿಳಿಯದೆ ಬರಿ ಅಮಾಕ್ಸಿಸಿಲಿನ್ ನಂಬುವಂತಿಲ್ಲ. ಟೈಫಾಯ್ಡಿಗೆ ಇದನ್ನು ಧಾರಾಳವಾಗಿ ಬರೆಯುತ್ತಿದ್ದ ಕಾಲವೊಂದಿತ್ತು, ಅದೂ ಹೋಯಿತು. 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಫ್ಲೆಮಿಂಗ್, ಅಂಗಡಿಯಲ್ಲಿ ಯಾರು ಬೇಕಾದರೂ ಪೆನಿಸಿಲಿನ್ ಕೊಂಡು ಅರೆಪ್ರಮಾಣದಲ್ಲಿ ನುಂಗುವ ಕಾಲ ಬಂದೀತು ಎಂದು ಎಚ್ಚರಿಸಿದ್ದರು. ನಾನು ನಿಂತಿದ್ದ ಆ ಸರದಿಯನ್ನು ಅವರು ಕಂಡಿದ್ದರೇನೋ ಎನ್ನಿಸುತ್ತದೆ.

ಅಲರ್ಜಿಯ ವಿಷಯದಲ್ಲಿ ಹಗುರವಾಗಿ ಮಾತನಾಡಲಾರೆ. ಔಷಧಿ ನುಂಗಿದ ಕೆಲವೇ ಹೊತ್ತಿನಲ್ಲಿ ಮೈಮೇಲೆ ದದ್ದು, ತುಟಿ-ನಾಲಗೆಯ ಊತ, ಉಸಿರುಕಟ್ಟು ಕಾಣಿಸಿದರೆ ಅದು ಪ್ರಾಣಕ್ಕೇ ಎರವಾಗಬಹುದಾದ ತುರ್ತು; ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದರೆ ಚಿಕ್ಕಂದಿನಲ್ಲಿ ಯಾವಾಗಲೋ ಬಂದ ದದ್ದಿನ ನೆನಪಿನಿಂದ ತಮಗೆ ಪೆನಿಸಿಲಿನ್ ಆಗದು ಎಂದುಕೊಂಡಿರುವವರಲ್ಲಿ ಬಹುಪಾಲು ಜನಕ್ಕೆ ತಜ್ಞರು ಪರೀಕ್ಷಿಸಿದಾಗ ಅಲರ್ಜಿ ಇಲ್ಲವೆಂದೇ ತಿಳಿಯುತ್ತದೆ. ಎಪ್‌ಸ್ಟೈನ್-ಬಾರ್ ವೈರಸ್ಸಿನ ಗಂಟಲುಬೇನೆ ಇರುವಾಗ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಏಳುವುದು ಸಾಮಾನ್ಯ. ಅದನ್ನೂ ಜನ ಜೀವನಪೂರ್ತಿ ಅಲರ್ಜಿ ಎಂದೇ ಬರೆದಿಟ್ಟುಕೊಳ್ಳುತ್ತಾರೆ.

ಮಕ್ಕಳ ಸಿರಪ್ಪಿನ ಬಗ್ಗೆ ಒಂದೆರಡು ಮಾತು, ಏಕೆಂದರೆ ಹೆಚ್ಚು ತಪ್ಪಾಗುವುದು ಅಲ್ಲಿ. ಪುಡಿ ತುಂಬಿದ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಬೇಕು. ಅಲುಗಿಸಿದ ಮೇಲೆ ನೊರೆ ಇಳಿದು ಮಟ್ಟ ಕೆಳಗೆ ಬರುತ್ತದೆ, ಆಗ ಮತ್ತೆ ಗುರುತಿನವರೆಗೆ ತುಂಬಬೇಕು. ಈ ಎರಡನೆಯ ಬಾರಿಯನ್ನು ಮರೆತರೆ ಔಷಧಿ ಗಟ್ಟಿಯಾಗಿ ಪ್ರಮಾಣ ತಪ್ಪುತ್ತದೆ. 5 ಮಿಲಿಲೀಟರಿಗೆ 125 ಮತ್ತು 250 ಮಿಲಿಗ್ರಾಂ ಎಂಬ ಎರಡು ಬಗೆಯ ಬಾಟಲಿಗಳು ನೋಡಲು ಒಂದೇ ತೆರ. ಪಕ್ಕದ ಮನೆಯ ಮಗುವಿಗೆ ಕೊಟ್ಟ "ಒಂದು ಚಮಚ" ನಿಮ್ಮ ಮಗುವಿಗೆ ಅರ್ಧವೋ ಇಮ್ಮಡಿಯೋ ಆಗಬಹುದು. ಪ್ರಮಾಣ ತೂಕದ ಮೇಲೆ ನಿಂತಿದೆ, ವಯಸ್ಸಿನ ಮೇಲಲ್ಲ. ಕ್ಲಾವುಲಾನಿಕ್ ಆಮ್ಲ ಸೇರಿದ ಸಿರಪ್ಪನ್ನು ಫ್ರಿಜ್ಜಿನಲ್ಲೇ ಇಡಬೇಕು, ಅದಕ್ಕೆ ತೇವ ಮತ್ತು ಬಿಸಿ ಎರಡೂ ಆಗದು; ಜೋಡಿ ಮಾತ್ರೆಗಳನ್ನು ಎರಡೂ ಬದಿ ಅಲ್ಯೂಮಿನಿಯಂ ಹಾಳೆಯಲ್ಲಿ ಮುಚ್ಚಿಡುವುದೂ ಅದಕ್ಕೇ. ಮಳೆಗಾಲದಲ್ಲಿ ಮಾತ್ರೆಗಳನ್ನೆಲ್ಲ ಹಾಳೆಯಿಂದ ಬಿಡಿಸಿ ಡಬ್ಬಿಗೆ ತುಂಬಿಡುವ ನಮ್ಮ ಅಚ್ಚುಕಟ್ಟು ಇಲ್ಲಿ ಉಪಯೋಗಕ್ಕೆ ಬಾರದು.

ಬೆಲೆಯ ವಿಷಯ. ನಾನು ತಂದ ಕ್ಯಾಪ್ಸೂಲಿನ ಬೆಲೆ ಅದೇ ಅಂಗಡಿಯ 625ರ ಬೆಲೆಯ ಅರ್ಧಕ್ಕಿಂತ ಕಡಿಮೆ ಇತ್ತು. ಜನೌಷಧಿ ಕೇಂದ್ರದಲ್ಲಿ ಕೇಳಿದಾಗ ಇನ್ನೂ ಅಗ್ಗ. ಅಮಾಕ್ಸಿಸಿಲಿನ್ನಿನ ಮಾಕ್ಸ್, ನೊವಾಮಾಕ್ಸ್ ಎಂಬ ಹೆಸರುಗಳು ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜಂಟಿ ಒಡೆತನದಲ್ಲಿ 1981ರಲ್ಲಿ ಹುಟ್ಟಿದ ಕರ್ನಾಟಕ ಆಂಟಿಬಯಾಟಿಕ್ಸ್ ಆಂಡ್ ಫಾರ್ಮಸ್ಯೂಟಿಕಲ್ಸ್ ಕಂಪನಿಯ ಕಾರ್ಖಾನೆ ಇಲ್ಲೇ ಪೀಣ್ಯದಲ್ಲಿದೆ; ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ ನನಗೆ ಊರಿನ ಬಗ್ಗೆ ಸಣ್ಣ ಹೆಮ್ಮೆ. ಆದರೆ ಹೆಮ್ಮೆಯ ಕೆಳಗೊಂದು ಆತಂಕವೂ ಇದೆ: ಈ ಔಷಧಿಗಳ ಮೂಲವಸ್ತುವಾದ ಪೆನಿಸಿಲಿನ್-ಜಿ ತಯಾರಿಕೆ ನಮ್ಮಲ್ಲಿ ನಿಂತುಹೋಗಿ, ದೇಶ ಬಹುಕಾಲ ಚೀನಾದ ಆಮದನ್ನೇ ನಂಬಿತ್ತು. 2020ರಲ್ಲಿ ಕೇಂದ್ರ ಘೋಷಿಸಿದ ಉತ್ಪಾದನಾ ಪ್ರೋತ್ಸಾಹಧನ ಯೋಜನೆಯ ಪಟ್ಟಿಯಲ್ಲಿ ಪೆನಿಸಿಲಿನ್-ಜಿ ಮತ್ತು ಕ್ಲಾವುಲಾನಿಕ್ ಆಮ್ಲ ಎರಡೂ ಇವೆ.

ಔಷಧಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ಮಧ್ಯರಾತ್ರಿಯ ಹತ್ತಿರಕ್ಕೆ ತಳ್ಳುವ ಎಂಟು ಗಂಟೆಯ ಲೆಕ್ಕಕ್ಕೆ. ಅಂಗಡಿಗೆ ಒಂದೂವರೆ ಅಂಕಕ್ಕಿಂತ ಹೆಚ್ಚು ಕೊಡಲಾರೆ. ಆಂಟಿಬಯಾಟಿಕ್ ಹಾಳೆಯ ಮೇಲಿನ ಕೆಂಪು ಗೆರೆ ಚೀಟಿಯಿಲ್ಲದೆ ಕೊಡಬಾರದೆಂದು ಹೇಳುವುದಕ್ಕಿರುವುದು. ಚೀಟಿಯಲ್ಲಿ ಬರೆದದ್ದರ ಬದಲು ಬೇರೆ ಔಷಧಿ ಕೊಡುವುದಕ್ಕೆ 1945ರ ಔಷಧ ನಿಯಮಗಳಲ್ಲಿ ಅವಕಾಶವಿಲ್ಲ. ಇದನ್ನು ಹೇಳಿದಾಗ ಮಾಲೀಕರು ಒಳಗಿಂದ ಬಂದು, ಹುಡುಗನನ್ನು ಗದರಿಸಿ, 500ನ್ನೇ ಕೊಟ್ಟರು ನಿಜ. ಆದರೆ ನನಗೆ ಬೇಕಿದ್ದುದು ಹದಿನೈದು ಕ್ಯಾಪ್ಸೂಲು. ಹತ್ತರ ಹಾಳೆಯನ್ನು ಕತ್ತರಿಸಿ ಕೊಡಲು ಅವರು ಒಪ್ಪಲಿಲ್ಲ, ಎರಡು ಹಾಳೆ ಕೊಂಡೇ ಹೊರಬರಬೇಕಾಯಿತು.

ಉಳಿದ ಐದನ್ನು ಏನು ಮಾಡುವುದೆಂಬುದು ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. ತಂಗಿ ಬಂದಾಗ, "ಅಕ್ಕ, ಬಿಸಾಕ್ಬೇಡ, ನನಗೂ ಗಂಟಲು ಸರಿಯಿಲ್ಲ" ಎಂದಳು. ಅವಳಿಗೆ ಶುಂಠಿ ಕಷಾಯ ಮಾಡಿಕೊಟ್ಟೆ. ಕೊಂಡ ಅಂಗಡಿಯವರು ಬಿಡಿ ಮಾಲು ವಾಪಸು ತೆಗೆದುಕೊಳ್ಳಲಿಲ್ಲ. ಬಚ್ಚಲಿಗೆ ಸುರಿದರೆ ಔಷಧಿ ಮೋರಿಯ ಬ್ಯಾಕ್ಟೀರಿಯಾಗಳಿಗೆ ಪಾಠ ಹೇಳಿಕೊಟ್ಟಂತೆ. ಕೊನೆಗೆ ಹಾಳೆಸಮೇತ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಕಸ ವಿಂಗಡಣೆಯ ಕೆಂಪು ಬುಟ್ಟಿಗೆ ಹಾಕಿದೆ. ಮುಂದಿನ ವಾರ ಬೇರುನಾಳದ ಚಿಕಿತ್ಸೆಯ ಎರಡನೆಯ ಭೇಟಿ ಇತ್ತು; ಅಂದು ವೈದ್ಯರು ಯಾವ ಔಷಧಿಯನ್ನೂ ಬರೆಯಲಿಲ್ಲ.